ಜಕಾತಿಯ ಕಲಹವೂ ಸಂಧಾನದ ಯೋಗ್ಯತೆಯೂ

ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳನ್ನು ನಮ್ಮ ನೀತಿಶಾಸ್ತ್ರಕಾರರು ಹೇಳಿರುವರಷ್ಟೆ. ಇವುಗಳಲ್ಲಿ ಸಾಮಕ್ಕೆ ಮೊದಲನೆಯ ಸ್ಥಾನವನ್ನೂ ದಂಡಕ್ಕೆ ಕಡೆಯ ಸ್ಥಾನವನ್ನೂ ಕೊಟ್ಟಿರುವದು ವಿಚಾರಪೂರ್ವಕವಾದದ್ದು. ಮೊದಲನೆಯದರಿಂದ ಕಾರ್ಯವಾಗುವಲ್ಲಿ ಕಡೆಯದನ್ನು ಹಿಡಿಯುವವನು ಅವಿವೇಕಿಯೆಂದೇ ಅವರ ಅಭಿಪ್ರಾಯವು. ಆದರೆ ಲೋಕದ ರೂಢಿಯು ಬೇರೆಯಾಗಿದೆ. ಸಂಧಾನಕ್ಕೆ ಹೊರಟವನನ್ನು ಒಂದು ಪಕ್ಷದವರು ಅಂಜುಬುರುಕನೆಂದು ಜರೆದರೆ, ಮತ್ತೊಂದು ಪಕ್ಷದವರು ಮೋಸಗಾರನೆಂದು ಹಳಿಯುವರು. ಈಗಿನ ಕಾಲದಲ್ಲಂತೂ ತೆರಿಗೆ, ಸಾಲ, ಬೆಲೆ, ಕೂಲಿ ಮೊದಲಾದ ಅರ್ಥವಿಷಯಗಳಲ್ಲಿ ಸಹ ಜನರು ಎರಡು ಪಾಳೆಯಗಳಾಗಿ ನಿಂತು, ಎದುರು ಪಾಳೆಯದವರು ಆಡಿದರೆಂಬ ಒಂದೇ ಕಾರಣಕ್ಕೆ ಒಂದು ಮಾತನ್ನು ಅಲ್ಲಗಳೆಯುವ ಚಾಳಿಯು ದೇಶದೇಶಗಳಲ್ಲಿ ಬಲಿಯುತ್ತಲಿದೆ.

ಸಂಧಾನವು ಯಾವಾಗಲೂ ಒಳ್ಳೆಯದೇ ಎಂದು ಸಾಧಿಸುವ ಹಟವು ನಮಗಿಲ್ಲ. ಯಾವ ವಿಷಯದಲ್ಲಿ ಅದು ಧರ್ಮಕ್ಕೆ ಅನುಕೂಲವಾಗುವದು, ಯಾವ ವಿಷಯದಲ್ಲಿ ಅಧರ್ಮಕ್ಕೆ ಎಡೆಗೊಡುವದು ಎಂಬದನ್ನು ನಡೆದ ಸಂಗತಿಯೊಂದರ ಆಧಾರದಿಂದ ವಿಚಾರಿಸಬೇಕಾಗಿದೆ. ಅದಕ್ಕಾಗಿ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೨೮ರಿಂದ ೧೮೩೩ರ ವರೆಗೆ ನಡೆದ ಜಕಾತಿಯ ಕಲಹವನ್ನು ಆರಿಸಿಕೊಂಡಿದ್ದೇವೆ. ಮಠದ ಮಹೋತ್ಸವದ ಸ್ಮಾರಕಗ್ರಂಥದಲ್ಲಿ ಸಮುದ್ರದಾಚೆಯ ಜಕಾತಿಯ ಕಥೆಯೇಕೆಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ಸಂಧಾನದ ಗುಣವೂ ಅದರ ಮಿತಿಯೂ ಇಷ್ಟು ಸ್ಪಷ್ಟವಾಗಿ ಒಂದೇ ಕಡೆಯಲ್ಲಿ ಕಾಣುವ ಪ್ರಸಂಗಗಳು ಇತಿಹಾಸದಲ್ಲಿ ವಿರಳವೆಂಬದು ಒಂದು. ಆ ಕಲಹಕ್ಕೆ ಮೂಲವಾದ ಹತ್ತಿಯ ಎಳೆಯು ಮುಂದೆ ನಮ್ಮ ಧಾರವಾಡ ಸೀಮೆಯ ಎರೆಭೂಮಿಯ ವರೆಗೂ ಬಂದು ಮುಟ್ಟಿತೆಂಬದು ಮತ್ತೊಂದು. ಆ ಸಂಗತಿಯನ್ನು ಕಡೆಯಲ್ಲಿ ಹೇಳುವೆವು.

ಕಲಹದ ಮೂಲ

ಅಮೇರಿಕದ ಸಂಸ್ಥಾನಗಳಿಗೂ ಇಂಗ್ಲಂಡಕ್ಕೂ ೧೮೧೨ರಿಂದ ೧೮೧೫ರ ವರೆಗೆ ಯುದ್ಧವು ನಡೆಯಿತು. ಆಗ ಪರದೇಶದ ಅರಿವೆ, ಕಬ್ಬಿಣ ಮೊದಲಾದ ಸರಕುಗಳು ಬರುವದು ನಿಂತದ್ದರಿಂದ ಉತ್ತರದ ಸಂಸ್ಥಾನಗಳಲ್ಲಿ ಗಿರಣಿಗಳೂ ಕಾರಖಾನೆಗಳೂ ಹುಟ್ಟಿಕೊಂಡವು. ಯುದ್ಧವು ಮುಗಿದೊಡನೆ ಇಂಗ್ಲಂಡದ ಅಗ್ಗದ ಸರಕು ಹಡಗುಹಡಗಾಗಿ ಬಂದು ಬೀಳಲು, ಈ ಎಳೆಯ ಉದ್ಯಮಗಳು ಕಣ್ಣುಮುಚ್ಚುವ ಹೊತ್ತು ಬಂದಿತು. ಅವುಗಳ ರಕ್ಷಣೆಗಾಗಿ ಕಾಂಗ್ರೆಸ್ ಎಂಬ ಅಲ್ಲಿಯ ಶಾಸನಸಭೆಯು ೧೮೧೬ರಲ್ಲಿ ಪರದೇಶದ ಸರಕಿನ ಮೇಲೆ ಸಂರಕ್ಷಕ ಜಕಾತಿಯನ್ನು ಹಾಕಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಆ ೧೮೧೬ರ ಜಕಾತಿಯನ್ನು ದಕ್ಷಿಣ ಕರೋಲಿನದ ಪ್ರತಿನಿಧಿಯಾದ ಜಾನ್ ಕಾಲ್ಹೂನನು ಎತ್ತಿಹಿಡಿದನು. ಉತ್ತರದವನಾದ ಡೇನಿಯಲ್ ವೆಬ್‌ಸ್ಟರನು ವಿರೋಧಿಸಿದನು. ಹನ್ನೆರಡು ವರುಷಗಳಲ್ಲಿ ಇಬ್ಬರೂ ತಮ್ಮ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡರು. ವೆಬ್‌ಸ್ಟರನ ಸೀಮೆಯ ಹಣವು ಹಡಗಿನ ವ್ಯಾಪಾರದಿಂದ ಗಿರಣಿಗಳ ಕಡೆಗೆ ಹರಿದಿತ್ತು. ಕಾಲ್ಹೂನನ ಸೀಮೆಯವರಿಗೆ ಹತ್ತಿಯ ಹೊರತು ಬೇರೆ ಗತಿಯಿರಲಿಲ್ಲ. ಜಕಾತಿಯ ವಿಷಯವು ಸನಾತನಸಿದ್ಧಾಂತದ ವಿಷಯವಾಗಿದ್ದರೆ ಇಷ್ಟು ದೊಡ್ಡ ಪಂಡಿತರು ಇಷ್ಟು ಬೇಗ ಮತಾಂತರ ಹೊಂದುತ್ತಿರಲಿಲ್ಲ. ಮುಂದೆ ಇಬ್ಬರೂ ಅದನ್ನು ಸಿದ್ಧಾಂತದ ಭಾಷೆಯಲ್ಲಿಯೇ ಮಾತಾಡಿದರೆಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ದಕ್ಷಿಣದವರ ಸಂಕಟವು ಸುಳ್ಳಾಗಿರಲಿಲ್ಲ. ಅವರು ತಮ್ಮ ಹತ್ತಿಯನ್ನು ಇಂಗ್ಲಂಡಕ್ಕೆ ಮಾರಿ, ತಮಗೆ ಬೇಕಾದ ಅರಿವೆಯನ್ನೂ ಕಬ್ಬಿಣದ ಸಾಮಾನುಗಳನ್ನೂ ಕೊಳ್ಳುವವರು. ಮಾರುವಾಗ ಲೋಕದ ಪೇಟೆಯ ಬೆಲೆ, ಕೊಳ್ಳುವಾಗ ಜಕಾತಿಯಿಂದ ಏರಿದ ಬೆಲೆ ಎಂಬ ಸ್ಥಿತಿಯು ಅವರದಾಯಿತು. ೧೮೧೮ರಲ್ಲಿ ಪೌಂಡಿಗೆ ಸುಮಾರು ೩೦ ಸೆಂಟು ಇದ್ದ ಹತ್ತಿಯ ಬೆಲೆಯು ಮುಂದಿನ ಹತ್ತು ವರುಷಗಳಲ್ಲಿ ಸುಮಾರು ೧೦ ಸೆಂಟಿಗೆ ಇಳಿಯಿತು. ದಕ್ಷಿಣ ಕರೋಲಿನದ ಭೂಮಿಯು ಸಾರಗುಂದಿತ್ತು. ಪಶ್ಚಿಮದ ಅಲಬಾಮ, ಮಿಸಿಸಿಪ್ಪಿ ಸಂಸ್ಥಾನಗಳ ಹೊಸ ಹೊಲಗಳಿಂದ ಹತ್ತಿಯು ರಾಶಿರಾಶಿಯಾಗಿ ಪೇಟೆಗೆ ಬರುತ್ತಲಿತ್ತು. ಬೆಲೆಯು ಬಿದ್ದದ್ದಕ್ಕೆ ಇದೇ ಮುಖ್ಯ ಕಾರಣವು. ಆದರೆ ಹೊಸ ಹೊಲಗಳನ್ನು ಬಯ್ಯುವದರಿಂದ ಯಾರಿಗೂ ಸಮಾಧಾನವಾಗಲಾರದು. ಬಯ್ಯಲಿಕ್ಕೆ ಒಬ್ಬ ಮನುಷ್ಯನು ಬೇಕು. ಜಾರ್ಜ್ ಮ್ಯಾಕ್‌ಡಫಿ ಎಂಬ ಅಲ್ಲಿಯ ಮುಖಂಡನು, ರೈತನ ನೂರು ಅಂಡಿಗೆ ಹತ್ತಿಯಲ್ಲಿ ನಾಲ್ವತ್ತು ಅಂಡಿಗೆಗಳನ್ನು ಉತ್ತರದ ಗಿರಣಿಯವರು ಜಕಾತಿಯ ಮೂಲಕ ಕಸಿದುಕೊಳ್ಳುವರೆಂದು ಊರೂರಿಗೆ ಸಾರಿದನು. ಜಕಾತಿಯ ಭಾರವು ದೇಶದ ಎಲ್ಲ ಕೊಳ್ಳುವವರ ಮೇಲೂ ಹಂಚಿ ಬೀಳುವದರಿಂದ ಈ ಲೆಕ್ಕವು ಅತಿಶಯೋಕ್ತಿಯೇ ಸರಿ. ಆದರೂ ಸಂಕಟದಲ್ಲಿದ್ದ ಜನಕ್ಕೆ ಬಾಯಿಪಾಠವಾಗುವಂಥ ಸುಲಭವಾದ ಲೆಕ್ಕವು ಸಿಕ್ಕಿತು.

ಇಂಥದರಲ್ಲಿ ೧೮೨೮ರ ಜಕಾತಿಯ ಕಾಯದೆಯು ಬಂದಿತು. ಅದು ಹುಟ್ಟಿದ ರೀತಿಯೇ ಪಕ್ಷಭೇದದ ವಿಡಂಬನೆಯಾಗಿದೆ. ಜಾಕ್ಸನನ ಪಕ್ಷದ ಕೆಲವು ಶಾಸನಕಾರರು ಉಣ್ಣೆ, ಕಬ್ಬಿಣ, ನಾರು, ಕಾಕಂಬಿ ಮೊದಲಾದ ಕಚ್ಚಾ ಪದಾರ್ಥಗಳ ಮೇಲೂ ಭಾರವಾದ ಜಕಾತಿಯನ್ನು ಸೇರಿಸಿದರು. ಇದರಿಂದ ಉತ್ತರದ ಗಿರಣಿಯವರಿಗೂ ಕಾಯದೆಯು ಕಹಿಯಾಗಿ, ಅವರೇ ಅದನ್ನು ಬೀಳಿಸುವರೆಂದು ದಕ್ಷಿಣದವರು ಎಣಿಸಿ, ಅದನ್ನು ಸುಧಾರಿಸುವ ಸೂಚನೆಗಳಿಗೆಲ್ಲ ಅಡ್ಡಬಂದರು. ಎಣಿಕೆಯು ತಪ್ಪಿತು. ಉತ್ತರದವರಲ್ಲಿ ಸಾಕಷ್ಟು ಜನರು ಕಹಿಯನ್ನು ನುಂಗಿ ಮತ ಕೊಟ್ಟದ್ದರಿಂದ ಕಾಯದೆಯು ಪಾಸಾಯಿತು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸನು ಅದಕ್ಕೆ ರುಜು ಹಾಕಿದನು. ಜಕಾತಿಗೆ ಒಳಗಾದ ಸರಕುಗಳ ಮೇಲಿನ ದರವು ಸರಾಸರಿಯಲ್ಲಿ ಅರ್ಧ ಬೆಲೆಯನ್ನು ಮೀರಿತು. ಎದುರಾಳಿಯನ್ನು ಕೆಡವಲು ತೋಡಿದ ಕುಣಿಯಲ್ಲಿ ತೋಡಿದವರೇ ಬಿದ್ದರು. ದಕ್ಷಿಣದ ಜನರು ಆ ಕಾಯದೆಗೆ ‘ಅಸಹ್ಯಗಳ ಜಕಾತಿ’ ಎಂಬ ಹೆಸರನ್ನಿಟ್ಟರು.

ಪಾಳೆಯಗಳು ಗಟ್ಟಿಯಾದದ್ದು

ಅದೇ ೧೮೨೮ರಲ್ಲಿ ಕಾಲ್ಹೂನನು ದೇಶದ ಉಪಾಧ್ಯಕ್ಷನಾಗಿದ್ದುಕೊಂಡು, ತನ್ನ ಹೆಸರನ್ನು ಮರೆಮಾಡಿ, ದಕ್ಷಿಣ ಕರೋಲಿನದ ಪರವಾಗಿ ಒಂದು ಪ್ರತಿಭಟನಾಪತ್ರವನ್ನು ಬರೆದನು. ಒಕ್ಕೂಟವು ಸಂಸ್ಥಾನಗಳು ತಮ್ಮತಮ್ಮೊಳಗೆ ಮಾಡಿಕೊಂಡ ಕರಾರು. ಕರಾರನ್ನು ಮೀರಿದ ಕಾಯದೆಯನ್ನು ಒಂದು ಸಂಸ್ಥಾನವು ತನ್ನ ಸೀಮೆಯೊಳಗೆ ರದ್ದುಪಡಿಸಬಹುದು ಎಂಬದು ಅದರ ತಾತ್ಪರ್ಯವು. ಇದಕ್ಕೆ ರದ್ದುವಾದವೆಂದು ಹೆಸರಿಡೋಣ. ೧೭೯೮ರಲ್ಲಿ ಜೆಫರ್ಸನ್ ಮತ್ತು ಮ್ಯಾಡಿಸನ್ನರು ಬರೆದ ಠರಾವುಗಳನ್ನು ಈ ವಾದಿಗಳು ಆಧಾರವಾಗಿ ಹಿಡಿದರು. ಆದರೆ ಇನ್ನೂ ಬದುಕಿದ್ದ ವೃದ್ಧ ಮ್ಯಾಡಿಸನ್ನನೇ ತನ್ನ ಮಾತಿಗೆ ಆ ಅರ್ಥವಿಲ್ಲವೆಂದು ತಿಳಿಸಿದನು. ಗ್ರಂಥಕರ್ತನೇ ಎದುರಿಗೆ ಇದ್ದರೂ ವ್ಯಾಖ್ಯಾನಕಾರರು ಒಪ್ಪದ ಪ್ರಸಂಗಗಳು ಪಾಠಶಾಲೆಗಳಲ್ಲಿ ಮಾತ್ರವಲ್ಲ, ರಾಜ್ಯಗಳಲ್ಲಿಯೂ ಉಂಟು.

೧೮೩೦ರ ಜನೇವರಿಯಲ್ಲಿ ಸೆನೆಟ್ ಸಭೆಯಲ್ಲಿ ದಕ್ಷಿಣ ಕರೋಲಿನದ ರಾಬರ್ಟ್ ಹೇನನಿಗೂ ವೆಬ್‌ಸ್ಟರನಿಗೂ ಘೋರ ವಾಗ್ವಾದವು ನಡೆಯಿತು. ಅದೇ ವರುಷದ ಏಪ್ರಿಲ್ ೧೩ರಂದು ಜೆಫರ್ಸನ್ ಜಯಂತಿಯ ಔತಣದಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನನು ಎದ್ದು ನಿಂತು ಒಕ್ಕೂಟವನ್ನು ಉಳಿಸಲೇಬೇಕೆಂಬ ಭಾವದ ಮಾತನ್ನಾಡಿದರೆ, ಪಕ್ಕದ ಪೀಠದ ಉಪಾಧ್ಯಕ್ಷ ಕಾಲ್ಹೂನನು ಒಕ್ಕೂಟಕ್ಕಿಂತ ಸ್ವಾತಂತ್ರ್ಯವು ಹೆಚ್ಚಿನದೆಂಬ ಭಾವದ ಮಾತಿನಿಂದ ಉತ್ತರ ಕೊಟ್ಟನು. ಅಂದಿನಿಂದ ಇಬ್ಬರೂ ಬಹಿರಂಗವಾಗಿ ಎದುರಾಳಿಗಳಾದರು.

೧೮೩೨ರ ಜುಲೈಯಲ್ಲಿ ಕಾಂಗ್ರೆಸ್ಸು ಜಕಾತಿಯನ್ನು ಕೆಲಮಟ್ಟಿಗೆ ಇಳಿಸಿತು. ಅರಿವೆ, ಕಬ್ಬಿಣಗಳ ಮೇಲಿನ ಭಾರವು ಉಳಿದದ್ದರಿಂದ ದಕ್ಷಿಣ ಕರೋಲಿನಕ್ಕೆ ತೃಪ್ತಿಯಾಗಲಿಲ್ಲ. ನವೆಂಬರ ೨೪ರಂದು ಅಲ್ಲಿಯ ವಿಶೇಷ ಪರಿಷತ್ತು ೧೩೬ ಮತಗಳಿಗೆ ೨೬ ಮತಗಳಂತೆ ಒಂದು ಶಾಸನವನ್ನು ಹೊರಡಿಸಿತು. ೧೮೨೮ ಹಾಗೂ ೧೮೩೨ರ ಜಕಾತಿಯ ಕಾಯದೆಗಳು ತಮ್ಮ ಸಂಸ್ಥಾನದಲ್ಲಿ ಅಸಿಂಧುವಾದವು. ೧೮೩೩ರ ಫೆಬ್ರುವರಿ ೧ರಿಂದ ಅವನ್ನು ವಸೂಲಿ ಮಾಡಗೊಡುವದಿಲ್ಲ. ಬಲಪ್ರಯೋಗ ಮಾಡಿದರೆ ಒಕ್ಕೂಟವನ್ನೇ ಬಿಟ್ಟು ಹೋಗುವೆವು ಎಂಬದು ಅದರ ಸಾರವು. ಡಿಸೆಂಬರ ೧೦ರಂದು ಜಾಕ್ಸನನು ಪ್ರಕಟನೆಯನ್ನು ಹೊರಡಿಸಿ, ಒಂದು ಸಂಸ್ಥಾನವು ದೇಶದ ಕಾಯದೆಯನ್ನು ರದ್ದುಮಾಡುವದು ಸಂವಿಧಾನಕ್ಕೆ ವಿರುದ್ಧವೆಂದೂ, ಶಸ್ತ್ರಬಲದಿಂದ ಒಕ್ಕೂಟವನ್ನು ಒಡೆಯುವದು ರಾಜದ್ರೋಹವೆಂದೂ ಸಾರಿದನು. ಕಾಲ್ಹೂನನು ಉಪಾಧ್ಯಕ್ಷಪದವನ್ನು ಬಿಟ್ಟು ಸೆನೆಟ್ ಸಭೆಗೆ ಬಂದನು; ಹೇನನು ತನ್ನ ಸಂಸ್ಥಾನದ ಗವರ್ನರನಾಗಿ ಸೈನ್ಯವನ್ನು ಕೂಡಿಸತೊಡಗಿದನು. ಆ ಸಂಸ್ಥಾನದೊಳಗೆಯೇ ಒಕ್ಕೂಟದ ಪರವಾದ ಪಕ್ಷವೊಂದಿತ್ತು. ಅವರೂ ರದ್ದುವಾದಿಗಳೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ಕವಾಯತು ಮಾಡುವ ಸ್ಥಿತಿಯು ಒದಗಿತು.

ಸಂಧಾನದ ಕಟ್ಟಳೆ

ಈ ಸಂಕಟದಲ್ಲಿ ಮುಂದೆ ಬಂದವನು ಕೆಂಟಕಿ ಸಂಸ್ಥಾನದ ಹೆನ್ರಿ ಕ್ಲೇ. ಸಂರಕ್ಷಕ ಜಕಾತಿಯ ಪದ್ಧತಿಗೆ ಇವನೇ ಮುಖ್ಯ ಪ್ರತಿಪಾದಕನು. ೧೮೩೨ರ ಚುನಾವಣೆಯಲ್ಲಿ ಜಾಕ್ಸನನಿಂದ ಸೋತವನು. ಕಾಲ್ಹೂನನೊಡನೆಯೂ ಇವನಿಗೆ ಸ್ನೇಹವಿರಲಿಲ್ಲ. ತಾನೇ ಕಟ್ಟಿದ ಮನೆಯ ಗೋಡೆಯನ್ನು ತಾನೇ ಇಳಿಸಲು ಇವನು ಒಪ್ಪಿದ್ದೇಕೆ? ದೇಶಪ್ರೇಮವು ಒಂದು ಕಾರಣವೇನೋ ಹೌದು. ಅದರೊಡನೆ ಲೆಕ್ಕಾಚಾರವೂ ಇತ್ತು. ಜಕಾತಿಯನ್ನು ಅತಿ ಶೀಘ್ರವಾಗಿ ಅರ್ಧಕ್ಕೆ ಇಳಿಸುವ ಮಸೂದೆಯೊಂದು ಸರಕಾರದ ಬೆಂಬಲದಿಂದ ಪ್ರತಿನಿಧಿಸಭೆಯ ಮುಂದೆ ಬಂದಿತ್ತು. ಅದು ಆಗ ಪಾಸಾಗದಿದ್ದರೂ, ಮುಂದಿನ ಕಾಂಗ್ರೆಸ್ಸಿನಲ್ಲಿ ಜಾಕ್ಸನನ ಪಕ್ಷದ ಬಲವು ಹೆಚ್ಚಿ, ಗಿರಣಿಗಳ ರಕ್ಷಣೆಯು ಒಂದೇ ಪೆಟ್ಟಿಗೆ ಹೋಗುವ ಭಯವಿತ್ತು. ಕಾಲ್ಹೂನನಿಗಾದರೂ ತನ್ನ ಇಕ್ಕಟ್ಟು ಇತ್ತು. ದಕ್ಷಿಣದ ಒಂದು ಸಂಸ್ಥಾನವೂ ರದ್ದುವಾದದಲ್ಲಿ ಅವನ ಸಂಸ್ಥಾನದ ಬೆನ್ನಿಗೆ ನಿಲ್ಲಲಿಲ್ಲ. ವರ್ಜೀನಿಯವು ಸಹ ಮಧ್ಯಸ್ಥನನ್ನು ಕಳಿಸಿತೇ ಹೊರತು ಸೈನ್ಯವನ್ನು ಕಳಿಸಲಿಲ್ಲ. ಸಂಧಾನವನ್ನು ಸಂತರೇ ಮಾಡಬೇಕೆಂದೇನೂ ಇಲ್ಲ. ತನ್ನ ಹಾನಿಯನ್ನು ಸರಿಯಾಗಿ ಎಣಿಸಬಲ್ಲ ಗೃಹಸ್ಥರೂ ಮಾಡಬಲ್ಲರು.

೧೮೩೩ರ ಫೆಬ್ರುವರಿ ೧೨ರಂದು ಕ್ಲೇ ತನ್ನ ಮಸೂದೆಯನ್ನು ಸೆನೆಟ್ ಸಭೆಯ ಮುಂದಿಟ್ಟನು. ಅದರ ಕಟ್ಟಳೆಯನ್ನು ವಾಚಕರು ಸಾವಧಾನವಾಗಿ ನೋಡಬೇಕು. ಸೇಕಡಾ ೨೦ಕ್ಕಿಂತ ಹೆಚ್ಚಾಗಿರುವ ಎಲ್ಲ ಜಕಾತಿಗಳಲ್ಲಿ, ೨೦ನ್ನು ಮೀರಿದ ಭಾಗದ ಹತ್ತನೆಯ ಒಂದಂಶವನ್ನು ೧೮೩೩, ೧೮೩೫, ೧೮೩೭, ೧೮೩೯ ಈ ನಾಲ್ಕು ವರುಷಗಳ ಕಡೆಯಲ್ಲಿ ಇಳಿಸುವದು; ಉಳಿದ ಹೆಚ್ಚಳದ ಅರ್ಧವನ್ನು ೧೮೪೧ರ ಕಡೆಯಲ್ಲಿಯೂ, ಮತ್ತರ್ಧವನ್ನು ೧೮೪೨ರ ನಡುವಿನಲ್ಲಿಯೂ ಇಳಿಸುವದು. ಒಂದು ಸರಕಿನ ಮೇಲೆ ಸೇಕಡಾ ೫೦ ಜಕಾತಿಯಿದೆಯೆಂದು ಭಾವಿಸೋಣ. ಹೆಚ್ಚಳವು ೩೦, ಅದರ ಹತ್ತನೆಯ ಒಂದಂಶವು ೩. ಆದದ್ದರಿಂದ ದರವು ಕ್ರಮವಾಗಿ ೪೭, ೪೪, ೪೧, ೩೮ ಆಗಿ, ಅನಂತರ ೨೯ಕ್ಕೆ ಬಂದು, ಕಡೆಗೆ ೨೦ರಲ್ಲಿ ನಿಲ್ಲುವದು. ದಕ್ಷಿಣದವರಿಗೆ ಸಿಕ್ಕಿದ್ದು ಕಡೆಯ ಅಂಕಿ. ಉತ್ತರದವರಿಗೆ ಸಿಕ್ಕಿದ್ದು ನಡುವಿನ ಒಂಬತ್ತು ವರುಷಗಳು. ಒಬ್ಬರಿಗೆ ಪ್ರಮಾಣವನ್ನೂ ಮತ್ತೊಬ್ಬರಿಗೆ ಕಾಲವನ್ನೂ ಕೊಟ್ಟು ಹಂಚಿದ ಈ ಯುಕ್ತಿಯಲ್ಲಿಯೇ ಕ್ಲೇಯ ಜಾಣತನವು ಅಡಗಿದೆ.

ಕಾಲ್ಹೂನನು ಎದ್ದು ನಿಂತು ಮಸೂದೆಗೆ ತನ್ನ ಸಮ್ಮತಿಯನ್ನು ತಿಳಿಸಿದನು. ಆದರೆ ಒಪ್ಪಿಗೆಯೆಂಬದು ಬಾಯಿಮಾತಿನಲ್ಲಿ ಮುಗಿಯಲಿಲ್ಲ. ಡೆಲವೇರದ ಜಾನ್ ಕ್ಲೇಟನನು ಗಿರಣಿಯವರ ಪರವಾಗಿ ಒಂದು ಶರತ್ತನ್ನು ಹಾಕಿದನು: ೧೮೪೨ರ ನಂತರ ಸರಕಿನ ಬೆಲೆಯನ್ನು ಪರದೇಶದ ಪೇಟೆಯಂತೆ ಎಣಿಸದೆ ಅಮೇರಿಕದ ರೇವಿನ ಬೆಲೆಯಂತೆ ಎಣಿಸಬೇಕು, ರದ್ದುವಾದಿಗಳು ಸ್ವತಃ ಇದಕ್ಕೆ ಮತ ಕೊಡಬೇಕು. ರೇವಿನ ಬೆಲೆಯಲ್ಲಿ ಸಾಗಾಣಿಕೆಯ ವೆಚ್ಚವೂ ಸೇರುವದರಿಂದ ಅದೇ ದರಕ್ಕೆ ಜಕಾತಿಯ ಮೊತ್ತವು ಹೆಚ್ಚುವದು. ಕಾಲ್ಹೂನನಿಗೆ ಇದು ಬಹಳ ಕಹಿಯಾಗಿತ್ತು. ಆದರೂ ಮತ ಕೊಟ್ಟನು. ನಾಳೆ ಬೆಳಿಗ್ಗೆ ನಾನು ಒಪ್ಪಿರಲಿಲ್ಲವೆಂದು ಹೇಳುವ ದಾರಿಯನ್ನು ಹೀಗೆ ಮುಚ್ಚಿದ್ದು ಒಳ್ಳೆಯದೇ ಆಯಿತು.

ಇದಕ್ಕೆ ಜೊತೆಯಾಗಿ ಬಲಪ್ರಯೋಗದ ಮಸೂದೆಯೂ ನಡೆದಿತ್ತು. ಅವಶ್ಯವಾದರೆ ಜಕಾತಿಯ ಕಚೇರಿಯನ್ನು ಊರೊಳಗಿಂದ ತೆಗೆದು ಹಡಗಿನ ಮೇಲೋ ರೇವಿನ ಸುರಕ್ಷಿತ ಸ್ಥಳದಲ್ಲಿಯೋ ಇಡುವದು, ಜಕಾತಿಯನ್ನು ರೊಕ್ಕವಾಗಿ ವಸೂಲು ಮಾಡುವದು, ಅಡ್ಡಬಂದರೆ ಸೈನ್ಯವನ್ನು ಉಪಯೋಗಿಸುವದು ಎಂಬವು ಅದರ ಮುಖ್ಯ ಅಂಶಗಳು. ಜಕಾತಿಯ ಸಂಧಾನವು ಪ್ರತಿನಿಧಿಸಭೆಯಲ್ಲಿ ೧೧೯ಕ್ಕೆ ೮೫, ಸೆನೆಟ್ ಸಭೆಯಲ್ಲಿ ೨೯ಕ್ಕೆ ೧೬ ಮತಗಳಿಂದ ಪಾಸಾಯಿತು. ಬಲಪ್ರಯೋಗದ ಕಾಯದೆಯು ಪ್ರತಿನಿಧಿಸಭೆಯಲ್ಲಿ ೧೪೯ಕ್ಕೆ ೪೮ ಮತಗಳಿಂದ ಪಾಸಾಯಿತು. ಸೆನೆಟ್ ಸಭೆಯಲ್ಲಿ ಕಾಲ್ಹೂನನೂ ಇತರ ವಿರೋಧಿಗಳೂ ಎದ್ದು ಹೋಗಿದ್ದರಿಂದ ಜಾನ್ ಟೈಲರ್ ಒಬ್ಬನೇ ಅದಕ್ಕೆ ವಿರುದ್ಧವಾಗಿ ಮತ ಕೊಟ್ಟನು. ೧೮೩೩ರ ಮಾರ್ಚ ೨ರಂದು ಜಾಕ್ಸನನು ಎರಡಕ್ಕೂ ಒಂದೇ ದಿವಸ ರುಜು ಹಾಕಿದನು. ಸಾಮವೂ ದಂಡವೂ ಒಂದೇ ಲೇಖನಿಯಿಂದ ಹೊರಬಿದ್ದವು.

ದಕ್ಷಿಣ ಕರೋಲಿನದ ಪರಿಷತ್ತು ಮಾರ್ಚ ೧೧ರಂದು ಮತ್ತೆ ಕೂಡಿ, ೧೫ರಂದು ತನ್ನ ರದ್ದುಶಾಸನವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೂರು ದಿವಸಗಳ ನಂತರ, ಇನ್ನು ಯಾರೂ ಉಪಯೋಗಿಸಬೇಕಾಗಿರದ ಬಲಪ್ರಯೋಗದ ಕಾಯದೆಯನ್ನು ರದ್ದುಮಾಡಿ ತನ್ನ ಅಭಿಮಾನವನ್ನು ಕಾಯ್ದುಕೊಂಡಿತು. ಜಾಕ್ಸನನ ಸರಕಾರವು ಇದನ್ನು ಕಂಡೂ ಕಾಣದಂತೆ ಇದ್ದುಬಿಟ್ಟಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಗುಣದೋಷಗಳ ವಿಚಾರ

ಈ ಸಂಧಾನವನ್ನು ಆಗಲೇ ಹಲವರು ನಿಂದಿಸಿದರು. ವೆಬ್‌ಸ್ಟರನು ಬಲಪ್ರಯೋಗದ ಕಾಯದೆಗೆ ಬೆಂಬಲವನ್ನು ಕೊಟ್ಟು ಜಕಾತಿಯ ಸಂಧಾನವನ್ನು ವಿರೋಧಿಸಿದನು. ಬೆದರಿಕೆ ಹಾಕಿದವರಿಗೆ ಬಹುಮಾನ ಕೊಟ್ಟರೆ ಬೆದರಿಕೆಯೇ ರೂಢಿಯಾಗುವದೆಂಬ ಈ ಪಕ್ಷದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಟ್ಟಳೆಯಲ್ಲಿಯೇ ಮತ್ತೊಂದು ದೋಷವಿತ್ತು. ಮೊದಲಿನ ನಾಲ್ಕು ಇಳಿತಗಳು ಅತ್ಯಲ್ಪವಾಗಿದ್ದು, ಕಡೆಯ ಎರಡು ಇಳಿತಗಳು ಆರೇಳು ತಿಂಗಳುಗಳಲ್ಲಿ ಒಟ್ಟಿಗೆ ಬಂದವು. ನಡುವೆ ೧೮೩೭ರಲ್ಲಿ ಅಮೇರಿಕದ ವ್ಯಾಪಾರವು ಮುಗ್ಗರಿಸಿ, ಸರಕಾರದ ಬೊಕ್ಕಸವು ಬರಿದಾಯಿತು. ಸೇಕಡಾ ೨೦ರ ದರವು ೧೮೪೨ರ ಜುಲೈ ೧ರಂದು ಬಂದು ಎರಡು ತಿಂಗಳು ಮಾತ್ರ ಬಾಳಿತು. ಆಗಸ್ಟ ೩೦ರಂದು ಹೊಸ ಕಾಯದೆಯು ಜಕಾತಿಯನ್ನು ಮತ್ತೆ ಏರಿಸಿತು. ಅದಕ್ಕೆ ರುಜು ಹಾಕಿದ ಅಧ್ಯಕ್ಷನು ಮತ್ತಾರೂ ಅಲ್ಲ, ಒಂಬತ್ತು ವರುಷಗಳ ಹಿಂದೆ ಒಬ್ಬನೇ ಎದ್ದುನಿಂತು ವಿರೋಧಿಸಿದ್ದ ಜಾನ್ ಟೈಲರನೇ.

ಹಾಗಾದರೆ ೧೮೩೩ರ ಪರಿಶ್ರಮವು ವ್ಯರ್ಥವಾಯಿತೇ? ಹಾಗೆ ಹೇಳಲಿಕ್ಕೆ ಬರುವದಿಲ್ಲ. ೧೮೪೨ರಲ್ಲಿ ಜಕಾತಿಯು ಏರಿದಾಗ ಯಾವ ಸಂಸ್ಥಾನವೂ ಸೈನ್ಯವನ್ನು ಕೂಡಿಸಲಿಲ್ಲ. ೧೮೪೬ರಲ್ಲಿ ಮತ ಎಣಿಸಿಯೇ ಅದನ್ನು ಮತ್ತೆ ಇಳಿಸಿದರು. ಏರಿಳಿತಗಳು ಚುನಾವಣೆ ಹಾಗೂ ಶಾಸನಸಭೆಗಳ ಮೂಲಕ ನಡೆಯುವ ವಹಿವಾಟಿನ ವಿಷಯವಾದವು. ಪ್ರಾಣ ಕೊಡುವ ವಿಷಯವಾಗಿ ಉಳಿಯಲಿಲ್ಲ. ಸೇಕಡಾ ಇಪ್ಪತ್ತೋ ನಾಲ್ವತ್ತೋ ಎಂಬ ಪ್ರಶ್ನೆಗೆ ನಡುವೆ ಮೂವತ್ತೆಂಬ ಸ್ಥಳವಿದೆ. ಇಂದೋ ನಾಳೆಯೋ ಎಂಬ ಪ್ರಶ್ನೆಗೆ ನಡುವೆ ಒಂಬತ್ತು ವರುಷಗಳೆಂಬ ಅವಕಾಶವಿದೆ. ಅಳೆದು ಹಂಚಬಹುದಾದ ಇಂಥ ವಸ್ತುವಿನ ವಿಷಯದಲ್ಲಿ ಹಂಚಲು ಒಪ್ಪದವನನ್ನು ಧೀರನೆಂದು ಹೊಗಳುವದು ಅಜ್ಞಾನವು. ತನಗೆ ಬೇಕಾದದ್ದರಲ್ಲಿ ಒಂದು ಭಾಗವನ್ನು ಬಿಡುವವನು ತನ್ನ ಪಕ್ಷದವರ ಬೈಗಳನ್ನು ತಾನೇ ತಿನ್ನಬೇಕಾಗುವದು. ಎದುರಾಳಿಯ ಬೈಗಳಿಗಿಂತ ಅದು ಹೆಚ್ಚು ಚುಚ್ಚುವದು. ಕ್ಲೇ ಅದನ್ನು ಸಹಿಸಿದನು. ಅಧ್ಯಕ್ಷಪದವಿಯು ಅವನಿಗೆ ಎಂದೂ ದೊರೆಯಲಿಲ್ಲ.

ಸಭೆಯಲ್ಲಿಲ್ಲದ ಪಕ್ಷ

ಇಷ್ಟಕ್ಕೆ ಲೇಖನವನ್ನು ಮುಗಿಸಿದರೆ ಸಂಧಾನದ ಸ್ತುತಿಯಾದೀತೇ ಹೊರತು ಇತಿಹಾಸವಾಗಲಾರದು. ೧೮೩೦ರ ಜನಗಣತಿಯಲ್ಲಿ ದಕ್ಷಿಣ ಕರೋಲಿನದ ೫,೮೧,೧೮೫ ಜನರೊಳಗೆ ೩,೧೫,೪೦೧ ಜನರು ಗುಲಾಮರಾಗಿದ್ದರು. ಆ ಹತ್ತಿಯನ್ನು ಬಿತ್ತಿದವರೂ ಬಿಡಿಸಿದವರೂ ಅವರೇ. ನೂರರಲ್ಲಿ ನಾಲ್ವತ್ತು ಅಂಡಿಗೆ ಹೋಯಿತೆಂದು ಕೂಗಿದ ಒಡೆಯರು, ನೂರಕ್ಕೆ ನೂರು ಅಂಡಿಗೆಗಳನ್ನೂ ಬೆಳೆದವರಿಗೆ ಕೂಲಿಯನ್ನು ಸಹ ಕೊಡುತ್ತಿರಲಿಲ್ಲ. ಕಾಲ್ಹೂನನೇ ೧೮೩೦ರ ಒಂದು ಖಾಸಗಿ ಪತ್ರದಲ್ಲಿ, ಜಕಾತಿಯು ಈ ಕಲಹಕ್ಕೆ ನಿಮಿತ್ತವೇ ಹೊರತು ನಿಜವಾದ ಕಾರಣವಲ್ಲವೆಂದೂ, ದಕ್ಷಿಣದ ಗೃಹಪದ್ಧತಿಯೇ, ಎಂದರೆ ಗುಲಾಮಗಿರಿಯೇ, ಅದರ ಬುಡದಲ್ಲಿರುವದೆಂದೂ ತಿಳಿಸಿರುವನು. ಇಂದು ಜಕಾತಿಯನ್ನು ಹಾಕಿದ ಕೇಂದ್ರಸರಕಾರವು ನಾಳೆ ಗುಲಾಮರನ್ನು ಬಿಡಿಸೀತೆಂಬ ಭಯವು ಅವರ ಮನಸ್ಸಿನಲ್ಲಿ ಮನೆಮಾಡಿತ್ತು.

೧೮೩೩ರ ಸಂಧಾನವು ಜಕಾತಿಯ ದರವನ್ನು ತೀರ್ಮಾನಿಸಿತು. ಈ ಬುಡಕ್ಕೆ ಕೈಹಾಕಲಿಲ್ಲ. ಮುಂದೆ ೧೮೫೦ರಲ್ಲಿ ಅದೇ ಕ್ಲೇ ವೃದ್ಧಾಪ್ಯದಲ್ಲಿ ಮತ್ತೊಂದು ಸಂಧಾನಕ್ಕೆ ಅಡಿಗಲ್ಲು ಹಾಕಿದನು. ಅದರಲ್ಲಿ ಕೆಲಿಫೋರ್ನಿಯವನ್ನು ಗುಲಾಮರಿಲ್ಲದ ಸಂಸ್ಥಾನವೆಂದು ಸೇರಿಸಿಕೊಂಡು ಉತ್ತರದವರನ್ನು ಸಮಾಧಾನಪಡಿಸಿದರು. ಓಡಿಹೋದ ಗುಲಾಮರನ್ನು ಉತ್ತರದವರೇ ಹಿಡಿದುಕೊಡಬೇಕೆಂಬ ಕಠೋರವಾದ ಕಾಯದೆಯನ್ನು ಕೊಟ್ಟು ದಕ್ಷಿಣದವರನ್ನು ಸಮಾಧಾನಪಡಿಸಿದರು. ಮೇಲೆ ನೋಡಿದರೆ ಇದೂ ೧೮೩೩ರಂತೆಯೇ ಒಂದು ಕೊಡುಕೊಳ್ಳುವಿಕೆ. ಆದರೆ ೧೮೩೩ರಲ್ಲಿ ಇಬ್ಬರೂ ತಮ್ಮ ತಮ್ಮ ಗಂಟಿನಿಂದ ಕೊಟ್ಟಿದ್ದರು. ೧೮೫೦ರಲ್ಲಿ ಇಬ್ಬರೂ ಕೂಡಿ ಮೂರನೆಯವನ ಮೈಯನ್ನು ಕೊಟ್ಟರು. ಆ ಮೂರನೆಯವನಿಗೆ ಸಭೆಯಲ್ಲಿ ಆಸನವಿರಲಿಲ್ಲ, ಬಾಯಿಯೂ ಇರಲಿಲ್ಲ. ಮನುಷ್ಯನು ಸೇಕಡಾ ಇಪ್ಪತ್ತರಷ್ಟು ಗುಲಾಮನು, ಎಂಭತ್ತರಷ್ಟು ಸ್ವತಂತ್ರನು ಎಂದು ಹಂಚುವ ತಕ್ಕಡಿಯು ಲೋಕದಲ್ಲಿಲ್ಲ.

ಕ್ಲೇ ೧೮೫೨ರಲ್ಲಿ ತೀರಿಕೊಂಡನು. ೧೮೬೦ರ ಡಿಸೆಂಬರ ೨೦ರಂದು ದಕ್ಷಿಣ ಕರೋಲಿನವು ಒಕ್ಕೂಟವನ್ನು ಬಿಟ್ಟು ಹೊರಬಿದ್ದಿತು. ಕ್ಲೇಯ ಸಂಸ್ಥಾನದವನೇ ಆದ ಜಾನ್ ಕ್ರಿಟೆಂಡನನು ಮತ್ತೊಂದು ಸಂಧಾನವನ್ನು ಸೂಚಿಸಿದನು. ಗುಲಾಮಗಿರಿಗೆ ಸಂವಿಧಾನದಲ್ಲಿ ಶಾಶ್ವತ ರಕ್ಷಣೆಯನ್ನು ಕೊಡುವ ಆ ಸೂಚನೆಯು ಬಿದ್ದುಹೋಯಿತು. ೧೮೬೧ರ ಏಪ್ರಿಲ್ ೧೨ರಂದು ಚಾರ್ಲ್ಸ್‌ಟನ್ನಿನ ರೇವಿನಲ್ಲಿಯೇ ಮೊದಲಿನ ತೋಪು ಹಾರಿತು. ನಾಲ್ಕು ವರುಷಗಳ ಯುದ್ಧದಲ್ಲಿ ಆರು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಸೈನಿಕರು ಸತ್ತರು. ೧೮೬೫ರ ಕಡೆಯಲ್ಲಿ ಗುಲಾಮಗಿರಿಯು ಸಂವಿಧಾನದ ತಿದ್ದುಪಡಿಯಿಂದ ನಿಷಿದ್ಧವಾಯಿತು. ೧೮೩೩ರಲ್ಲಿ ದೊರೆತ ಬಿಡುವನ್ನು ಬುಡದ ರೋಗಕ್ಕೆ ಔಷಧ ಮಾಡಲು ಉಪಯೋಗಿಸಿದ್ದರೆ ಈ ಅನಾಹುತವು ತಪ್ಪುತ್ತಿತ್ತೋ ಏನೋ ಎಂದು ಊಹಿಸಬಹುದು. ಸಂಧಾನವು ಕಾಲವನ್ನು ಗಳಿಸಿಕೊಡುವದು. ಆ ಕಾಲವನ್ನು ಏನು ಮಾಡಬೇಕೆಂಬದನ್ನು ಅದು ಕಲಿಸಲಾರದು.

ನಮ್ಮ ಎರೆಭೂಮಿಗೆ ಮುಟ್ಟಿದ ಎಳೆ

ಆ ಯುದ್ಧದ ಕಾವು ನಮ್ಮ ಸೀಮೆಗೂ ತಾಗಿತೆಂದು ಮೊದಲು ಹೇಳಿದೆವು. ಇಂಗ್ಲಂಡದ ಗಿರಣಿಗಳಿಗೆ ಹತ್ತಿಯ ಬಹುಭಾಗವು ಅಮೇರಿಕದಿಂದಲೇ ಹೋಗುತ್ತಲಿತ್ತು. ಒಂದೇ ದೇಶವನ್ನು ನಂಬುವದು ಅಪಾಯಕರವೆಂದು ಈಸ್ಟ್ ಇಂಡಿಯಾ ಕಂಪನಿಯು ೧೮೪೦ರ ಸುಮಾರಿಗೆ ಅಮೇರಿಕದ ಹತ್ತಿತೋಟದವರನ್ನು ಹಿಂದುಸ್ಥಾನಕ್ಕೆ ಕರೆಸಿ, ಅಲ್ಲಿಯ ಬೀಜವನ್ನು ಇಲ್ಲಿ ಬಿತ್ತಿಸಿ ನೋಡಿತು. ಬಹಳ ಕಡೆಗಳಲ್ಲಿ ಆ ಪ್ರಯತ್ನವು ಫಲಿಸಲಿಲ್ಲ; ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಫಲಿಸಿತು. ‘ಧಾರವಾಡ–ಅಮೇರಿಕನ್’ ಎಂಬ ಹೆಸರಿನಿಂದ ಆ ಹತ್ತಿಯು ಪೇಟೆಯಲ್ಲಿ ಪ್ರಸಿದ್ಧವಾಯಿತು. ನಮ್ಮ ನಾಡಹತ್ತಿಯು ಕುಮಟೆಯ ರೇವಿನಿಂದ ಹೋಗುತ್ತಿದ್ದದ್ದರಿಂದ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು.

೧೮೬೧ರಲ್ಲಿ ಅಮೇರಿಕದ ದಕ್ಷಿಣದ ರೇವುಗಳಿಗೆ ಉತ್ತರದ ನೌಕಾಪಡೆಯು ಮುತ್ತಿಗೆ ಹಾಕಿತು. ಇಂಗ್ಲಂಡದ ಲ್ಯಾಂಕಾಶಾಯರದಲ್ಲಿ ಗಿರಣಿಗಳು ನಿಂತು ಕೂಲಿಕಾರರು ಉಪವಾಸ ಬ‌ಿದ್ದರು. ಮುಂಬಯಿಯ ಪೇಟೆಯಲ್ಲಿ ಹತ್ತಿಯ ಬೆಲೆಯು ಹಲವು ಪಟ್ಟು ಏರಿತು. ಧಾರವಾಡ ಸೀಮೆಯ ಹತ್ತಿಗೆ ಒಳ್ಳೆಯ ಹಾದಿಯನ್ನೂ ರೇವನ್ನೂ ಒದಗಿಸುವ ಮಾತು ಬಲವಾಗಿ, ೧೮೬೨ರಲ್ಲಿ ಕಾರವಾರವನ್ನೊಳಗೊಂಡ ಉತ್ತರ ಕನ್ನಡವನ್ನು ಮದ್ರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ರೈತನ ಕೈಯಲ್ಲಿ ಎಂದೂ ಕಾಣದ ರೊಕ್ಕವು ಆಡಿತು. ೧೮೬೫ರ ಏಪ್ರಿಲದಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದನು. ಆ ಸುದ್ದಿಯು ತಲುಪಿದೊಡನೆ ಬೆಲೆಯು ಕುಸಿದು, ಮುಂಬಯಿಯ ದೊಡ್ಡ ದೊಡ್ಡ ಪೇಢಿಗಳು ದಿವಾಳಿಯೆದ್ದವು. ಬೆಲೆ ಏರಿದ್ದೇಕೆಂದು ಗೊತ್ತಿಲ್ಲದೆ ಹಿಗ್ಗಿದ್ದ ಎರೆಹೊಲದ ಒಕ್ಕಲಿಗನು, ಇಳಿದದ್ದೇಕೆಂದು ಗೊತ್ತಿಲ್ಲದೆ ಕುಗ್ಗಿದನು. ಎರಡು ಕೋಣಗಳು ಕಾದಿದರೆ ಗಿಡಕ್ಕೆ ಕೇಡೆಂಬ ನಮ್ಮವರ ಗಾದೆಯಲ್ಲಿ, ಆ ಗಿಡವು ಏಳು ಸಮುದ್ರದಾಚೆಯಲ್ಲಿಯೂ ಇರಬಹುದೆಂದು ಸೇರಿಸಿಕೊಳ್ಳಬೇಕು.

ಉಪಸಂಹಾರ

ಇಲ್ಲಿಯ ವರೆಗಿನ ವಿಚಾರದಿಂದ ಮೂರು ಮಾತುಗಳು ಸಿದ್ಧವಾಗುವವು. ಮೊದಲನೆಯದಾಗಿ, ದರ, ಪ್ರಮಾಣ, ಕಾಲ ಇವುಗಳ ಬಗೆಗೆ ವಾದವಿದ್ದಲ್ಲಿ ಸಂಧಾನವೇ ರಾಜಧರ್ಮವು. ಅರ್ಥನೀತಿಯ ಪ್ರಶ್ನೆಗಳಲ್ಲಿ ಬಹುಪಾಲು ಇದೇ ಜಾತಿಯವು. ಎರಡನೆಯದಾಗಿ, ಎದುರಾಳಿಗೆ ಮನೆಗೆ ಮರಳುವ ದಾರಿಯನ್ನು ಬಿಡಬೇಕು. ೧೮೩೩ರ ಮಾರ್ಚದಲ್ಲಿ ದಕ್ಷಿಣ ಕರೋಲಿನದ ಪರಿಷತ್ತು ವ್ಯರ್ಥವಾಗಿ ಒಂದು ಕಾಯದೆಯನ್ನು ರದ್ದುಮಾಡಿದಾಗ ಸುಮ್ಮನಿದ್ದ ಜಾಕ್ಸನನು ತನ್ನ ಪ್ರಕಟನೆಯಿಂದ ಎಷ್ಟು ದೇಶಸೇವೆ ಮಾಡಿದನೋ ಆ ಮೌನದಿಂದಲೂ ಅಷ್ಟೇ ಮಾಡಿದನು. ಮೂರನೆಯದಾಗಿ, ಒಪ್ಪಂದಕ್ಕೆ ಕೂತವರು ಕೊಡುತ್ತಿರುವದು ಯಾರದೆಂದು ಕೇಳಬೇಕು. ತನ್ನದನ್ನು ಬಿಡುವದು ಸಂಧಾನವು. ಸಭೆಯಲ್ಲಿಲ್ಲದವನದನ್ನು ಬಿಡುವದು ವಿಕ್ರಯವು.

ನಮ್ಮ ದೇಶದಲ್ಲಿ ಇಂದು ಜಲ, ಬೆಲೆ, ಕರ, ಹಂಚಿಕೆಗಳ ಬಗೆಗೆ ಸಂಸ್ಥಾನ ಸಂಸ್ಥಾನಗಳಿಗೂ ಪಕ್ಷ ಪಕ್ಷಗಳಿಗೂ ನಡೆಯುವ ವಾದಗಳನ್ನು ಈ ಮೂರು ಮಾತುಗಳ ಒರೆಗಲ್ಲಿಗೆ ತಿಕ್ಕಿ ನೋಡುವ ಭಾರವನ್ನು ವಾಚಕರಿಗೇ ಒಪ್ಪಿಸಿದ್ದೇವೆ. ಒಕ್ಕಲಿಗರೂ ವ್ಯಾಪಾರಸ್ಥರೂ ನೇಕಾರರೂ ಕೂಲಿಕಾರರೂ ಒಂದೇ ಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸುವ ಈ ಮಹೋತ್ಸವದ ಸಂದರ್ಭದಲ್ಲಿ, ಪಂಚಾಯತಿಗೆ ಕೂತಾಗಲೂ ಅದೇ ಸಮಬುದ್ಧಿಯು ಎಲ್ಲರಲ್ಲಿ ನೆಲೆಸಲೆಂದು ಹಾರೈಸಿ ಈ ಅಲ್ಪಲೇಖನವನ್ನು ಮುಗಿಸುತ್ತೇವೆ.